ಅಂತರಾ ಇಲ್ಲದ ಏಳು ಚೀಜು

ಕಳೆದ ತಿಂಗಳು ಯಲ್ಲಾಪುರದಲ್ಲಿ ಪರಿಚಯದವರೊಬ್ಬರ ಮಗಳ ಮದುವೆಯಿತ್ತು. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಮುಂದಿನ ಸಭಾಂಗಣದ ಧ್ವನಿವರ್ಧಕ ತಡೆಯಲಾರದೆ ಹಿಂಬದಿಯ ಅಡುಗೆ ಚಪ್ಪರದ ಹತ್ತಿರ ಕುರ್ಚಿ ಹಾಕಿಕೊಂಡು ಕೂತೆ. ಅಷ್ಟರಲ್ಲಿ ಅಪ್ಪೆಹುಳಿಗೆ ಒಗ್ಗರಣೆ ಬಿತ್ತು. ಬೇಯಿಸಿದ ಮಾವಿನಕಾಯಿಯ ಹುಳಿ, ಇಂಗು, ಕರಿದ ಒಣಮೆಣಸು ಒಟ್ಟಿಗೆ ಮೂಗಿಗೆ ಬಂದವು. ಮುಖ್ಯ ಅಡುಗೆಯವರು ಪಕ್ಕದ ಒಲೆ ತೋರಿಸಿ ಜೊತೆಯವರಿಗೆ ಉರಿ ಸಣ್ಣ ಮಾಡಲು ಹೇಳಿದರು. ಆ ಮಾತು ಕಿವಿಗೆ ಬಿದ್ದಾಗಲೇ ನಾನು ಬೇರೊಂದು ಶಬ್ದಕ್ಕಾಗಿ ಕಾಯುತ್ತಿದ್ದೆ ಎಂದು ಗೊತ್ತಾದದ್ದು.

ನಮ್ಮ ಮನೆಯಲ್ಲಿ ಉರಿ ಸಣ್ಣ ಮಾಡು ಎಂದು ಯಾರೂ ಹೇಳುವುದಿಲ್ಲ. ವಿಲಂಬಿತಕ್ಕೆ ತಾ ಎನ್ನುತ್ತಾರೆ. ಶಿರಸಿ ಪೇಟೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಮನೆ ಅದು. ಮುಂದಿನ ಕೋಣೆಯಲ್ಲಿ ನನ್ನ ಗಂಡ ವಿನಾಯಕ ಹಿಂದೂಸ್ತಾನಿ ಸಂಗೀತ ಕಲಿಸುತ್ತಾನೆ. ಹಿಂದಿನ ಕೋಣೆಯಲ್ಲಿ ಅತ್ತೆ ಮತ್ತು ನಾನು ಅಡುಗೆ ಮಾಡುತ್ತೇವೆ. ಅಲ್ಲಿ ಒಲೆಗೆ ಮೂರು ಉರಿ: ವಿಲಂಬಿತ, ಮಧ್ಯ, ದ್ರುತ. ಹಾಲು ಉಕ್ಕಿ ಪಾತ್ರೆಯ ಅಂಚಿಗೆ ಬಂದ ಗಳಿಗೆಗೆ ತಾಳದ ಮೊದಲ ಪೆಟ್ಟಿನ ಹೆಸರೇ: ‘ಸಮ್’. ಒಮ್ಮೆ ಗ್ಯಾಸ್ ಒಲೆ ರಿಪೇರಿಗೆ ಬಂದವರ ಹತ್ತಿರ ಅತ್ತೆ, ಎಡಗಡೆಯದು ವಿಲಂಬಿತಕ್ಕೆ ಬರುವುದೇ ಇಲ್ಲ ಎಂದು ದೂರಿದರು. ಅವರು ಚೀಲವನ್ನೆಲ್ಲ ತಡಕಾಡಿ, ಆ ಪಾರ್ಟು ಹುಬ್ಬಳ್ಳಿಯಿಂದ ತರಿಸಬೇಕಾಗುತ್ತದೆ ಎಂದು ಹೇಳಿ ಹೋದರು.

ಸಂಗೀತದ ಮನೆಯಾದ್ದರಿಂದ ಸಂಗೀತದ ಮಾತು ಅಡುಗೆಮನೆಗೂ ನುಗ್ಗಿದೆ ಎಂದು ನಾನು ಹದಿನಾಲ್ಕು ವರ್ಷ ನಂಬಿದ್ದೆ. ಹಾಗಲ್ಲ ಎಂದು ತಿಳಿದದ್ದು ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ.

ನಾನು ಹುಟ್ಟಿದ್ದು ಬನವಾಸಿ ಕಡೆಯ ಒಂದು ಲಿಂಗಾಯತರ ಮನೆಯಲ್ಲಿ. ರೊಟ್ಟಿ, ಪಲ್ಯ, ಗಟ್ಟಿ ಬೇಳೆಯ ಊಟ. ಹಾಡು ಎಂದರೆ ರೇಡಿಯೊದಲ್ಲಿ ಬರುವುದು. ಜಿಲ್ಲೆಯ ಒಂದು ಪತ್ರಿಕೆಗೆ ಶಿರಸಿಯ ವರದಿಗಾರಳಾಗಿ ಸೇರಿದ ಎರಡನೇ ವರ್ಷ ಒಂದು ಗುರುಪೂರ್ಣಿಮೆ ಕಾರ್ಯಕ್ರಮಕ್ಕೆ ಹೋದಾಗ ವಿನಾಯಕನನ್ನು ಮೊದಲ ಸಲ ಕಂಡೆ. ಅವನು ಜೌನಪುರಿ ರಾಗ ಹಾಡಿದ. ಮುಗಿದ ಮೇಲೆ, ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಇದಕ್ಕೆ ಅಂತರಾ ಇಲ್ಲವೇ ಎಂದು ಕೇಳಿದರು. ಅವನು, ನಮ್ಮ ಮನೆತನದಲ್ಲಿ ಇಲ್ಲ ಎಂದ. ಹೇಳಿದ ರೀತಿ ಹೇಗಿತ್ತೆಂದರೆ, ಇಲ್ಲದಿರುವುದೇ ಒಂದು ಆಸ್ತಿ ಎಂಬಂತೆ.

ಸಂಗೀತ ತಿಳಿಯದವರಿಗೆ ಒಂದು ಮಾತು. ಹಿಂದೂಸ್ತಾನಿ ಚೀಜಿಗೆ, ಅಂದರೆ ರಾಗದಲ್ಲಿ ಕಟ್ಟಿದ ಹಾಡಿಗೆ, ಎರಡು ಭಾಗ ಇರುತ್ತವೆ. ಮೊದಲನೆಯದು ಸ್ಥಾಯಿ, ಕೆಳಗಿನ ಮತ್ತು ನಡುವಿನ ಸ್ವರಗಳಲ್ಲಿ ಓಡಾಡುತ್ತದೆ. ಎರಡನೆಯದು ಅಂತರಾ, ಮೇಲಿನ ಷಡ್ಜದತ್ತ ಏರುತ್ತದೆ. ಅದು ಮುಗಿದ ಮೇಲೆ ಹಾಡುವವರು ಮತ್ತೆ ಸ್ಥಾಯಿಗೆ ಬರುತ್ತಾರೆ. ವಿನಾಯಕನ ಮನೆಯವರು ಬೇರೆಯವರಿಂದ ಕಲಿತ ಚೀಜುಗಳನ್ನೆಲ್ಲ ಹೀಗೆ ಎರಡೂ ಭಾಗ ಸೇರಿಸಿಯೇ ಹಾಡುತ್ತಾರೆ. ಆದರೆ ಅವನ ಅಜ್ಜ ಧಾರವಾಡದ ಒಬ್ಬ ಗವಾಯಿಗಳ ಮನೆಯಲ್ಲಿ ನಾಲ್ಕು ವರ್ಷ ಇದ್ದು ತಂದ ಏಳು ಚೀಜುಗಳಿಗೆ ಮಾತ್ರ ಅಂತರಾ ಇರಲಿಲ್ಲ. ಗವಾಯಿಗಳು ಅಜ್ಜನನ್ನು ಬಳಿಗೆ ಕರೆದು, ನಿನಗೆ ಸ್ಥಾಯಿಯೊಂದೇ ಸಾಕು, ಅದರಲ್ಲೇ ಎಲ್ಲ ಇದೆ ಎಂದು ಹರಸಿದರಂತೆ. ಮನೆತನದ ಕಥೆ ಇದು.

ಈ ಕಥೆಗೆ ವಿನಾಯಕ ತನ್ನ ಪಾಲನ್ನೂ ಸೇರಿಸಿದ್ದ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವನು ಧಾರವಾಡಕ್ಕೆ ಕಲಿಯಲು ಹೋದ. ಅಜ್ಜನಿದ್ದ ಗವಾಯಿಗಳ ಶಿಷ್ಯಪರಂಪರೆಯವರೇ ಒಬ್ಬರು ಗುರುಗಳಾಗಿ ಸಿಕ್ಕಿದ್ದರು. ಎಂಟು ತಿಂಗಳಾದ ಮೇಲೆ ಅವರು ಇದೇ ಜೌನಪುರಿಯನ್ನು ತೆಗೆದುಕೊಂಡು ಅಂತರಾ ಹೇಳಿಕೊಟ್ಟರು. ಅವನು ಹಾಡಲಿಲ್ಲ. ನಮ್ಮಲ್ಲಿ ಇದಕ್ಕೆ ಅಂತರಾ ಇಲ್ಲ ಎಂದ. ಹಾಡುವುದಾದರೆ ಹಾಡು, ಇಲ್ಲದಿದ್ದರೆ ಊರಿಗೆ ಹೋಗು ಎಂದರು ಗುರುಗಳು. ಅವನು ಮರುದಿನದ ಬಸ್ಸಿಗೆ ಶಿರಸಿಗೆ ಬಂದುಬಿಟ್ಟ. ಆಮೇಲೆ ಎಲ್ಲಿಗೂ ಕಲಿಯಲು ಹೋಗಲಿಲ್ಲ. ತಂದೆಯ ಹತ್ತಿರ ಕಲಿತಷ್ಟರಲ್ಲೇ ನಿಂತ. ತಂದೆ ಹೋದ ಮೇಲೆ ಅವರ ತರಗತಿಯನ್ನೇ ಮುಂದುವರಿಸಿದ.

ಆ ಗುರುಪೂರ್ಣಿಮೆಯಂದು ನಾನು ಇದನ್ನೆಲ್ಲ ಕೇಳಿ ಬರೆದುಕೊಂಡೆ. ‘ಅಂತರಾ ಇಲ್ಲದ ಮನೆತನ’ ಎಂಬ ಶೀರ್ಷಿಕೆ ಕೊಟ್ಟು ಬಾಕ್ಸ್ ಸುದ್ದಿ ಮಾಡಿದೆ. ಒಬ್ಬರೇ ಹೇಳಿದ್ದನ್ನು ಇನ್ನೊಬ್ಬರಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು ಎನ್ನುವುದು ಈ ಕೆಲಸದ ಮೊದಲ ಪಾಠ. ಅವತ್ತು ಕೇಳಲಿಲ್ಲ. ವರ್ಷದೊಳಗೆ ನಮ್ಮ ಮದುವೆಯಾಯಿತು.

ಮದುವೆಯ ಮೊದಲ ದಿನಗಳಲ್ಲಿ ಅತ್ತೆ ನನ್ನನ್ನು ಒಲೆಯ ಹತ್ತಿರ ಬಿಟ್ಟುಕೊಂಡದ್ದು ನಿಧಾನವಾಗಿ. ಅವರದು ಬ್ರಾಹ್ಮಣರ ಮನೆ, ಆದರೂ ಜಾತಿಯ ಮಾತನ್ನು ಬಾಯಿಬಿಟ್ಟು ಆಡಲಿಲ್ಲ. ಮೊದಲು ಕಾಯಿ ತುರಿಯುವುದು, ಆಮೇಲೆ ರುಬ್ಬುವುದು, ಒಂದು ವರ್ಷ ಕಳೆದ ಮೇಲೆ ಒಗ್ಗರಣೆ. ಅವರು ಅಳತೆ ಹೇಳುತ್ತಿರಲಿಲ್ಲ, ಲಯ ಹೇಳುತ್ತಿದ್ದರು. ಒಂದೆಲಗದ ತಂಬುಳಿಗೆ ತುಪ್ಪದಲ್ಲಿ ಜೀರಿಗೆ, ಕಾಳುಮೆಣಸು ವಿಲಂಬಿತದಲ್ಲಿ ಹುರಿಯಬೇಕು, ದ್ರುತಕ್ಕೆ ಹೋದರೆ ಕಹಿ. ರುಬ್ಬಿ ಮಜ್ಜಿಗೆ ಸೇರಿಸಿದ ಮೇಲೆ ಒಲೆಗೆ ಇಡುವ ಹಾಗೇ ಇಲ್ಲ. ಇಷ್ಟೇ ಅಡುಗೆ, ಇದರಲ್ಲಿ ಕಲಿಯುವುದೇನು ಎಂದು ನಾನು ಆಗ ತವರಿಗೆ ಫೋನು ಮಾಡಿ ನಗುತ್ತಿದ್ದೆ.

ಮೂರು ವರ್ಷದ ಹಿಂದಿನ ಆ ಬೇಸಿಗೆಯಲ್ಲಿ ನಗುವಷ್ಟು ಚೈತನ್ಯ ಉಳಿದಿರಲಿಲ್ಲ. ಪತ್ರಿಕೆಯವರು ಸಿಬ್ಬಂದಿ ಕಡಿಮೆ ಮಾಡಿದ್ದರು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ನನ್ನ ಮೇಲೆ ಬಿದ್ದಿದ್ದವು. ಕುಡಿಯುವ ನೀರಿನ ಸಭೆ, ಬಸ್ಸಿಲ್ಲದ ಊರಿನವರ ಮನವಿ, ಮತ್ತೊಂದು ನೀರಿನ ಸಭೆ. ನಮ್ಮ ಮನೆಯ ಬಾವಿಯೂ ಕೆಳಗೆ ಹೋಗಿತ್ತು. ಬೆಳಿಗ್ಗೆ ಎದ್ದರೆ ಮೊದಲ ಕೆಲಸ ನೀರು ತುಂಬುವುದು, ಎರಡನೆಯದು ತಂಬುಳಿ. ಒಂದು ದಿನ ಒಂದೆಲಗ, ಒಂದು ದಿನ ದಾಳಿಂಬೆ ಸಿಪ್ಪೆ, ಒಂದು ದಿನ ಬರೀ ಶುಂಠಿ. ಕುದಿಸಬೇಕಿಲ್ಲ, ಕಾಯಬೇಕಿಲ್ಲ. ಅದು ದಣಿದವರ ಅಡುಗೆ ಎಂದು ನನಗೆ ಅರ್ಥವಾದದ್ದು ಆ ವರ್ಷ. ವಿನಾಯಕ ಮತ್ತು ನಾನು ಮಾತಾಡುತ್ತಿದ್ದದ್ದು ಊಟದ ಹೊತ್ತಿಗೆ ಮಾತ್ರ. ಅದೂ ಉಪ್ಪು, ನೀರು, ಕರೆಂಟಿನ ವಿಷಯ. ಜಗಳವಾಗಿರಲಿಲ್ಲ. ಜಗಳ ಆಡಲೂ ಸ್ವಲ್ಪ ಹುರುಪು ಬೇಕು.

ಆಗ ಭೈರುಂಬೆಯಿಂದ ಶ್ರೀಧರ ಭಾವ ಬಂದರು. ವಿನಾಯಕನ ದೊಡ್ಡಪ್ಪನ ಮಗ, ಊರಿನ ಎಲ್ಲ ಸಮಿತಿಗಳಲ್ಲಿ ಇರುವವರು. ಅಜ್ಜನ ನೆನಪಿಗೆ ಒಂದು ಸಂಗೀತ ದಿನ, ಜೊತೆಗೆ ಒಂದು ಸ್ಮರಣ ಸಂಚಿಕೆ ಎಂದು ನಿರ್ಧಾರವಾಗಿತ್ತು. ಮನೆತನದ ಸಂಗೀತದ ಇತಿಹಾಸವನ್ನು ನಾನೇ ಬರೆಯಬೇಕು ಎಂದರು. ಮನೆಯಲ್ಲೇ ಪೇಪರಿನವಳು ಇರುವಾಗ ಹೊರಗಿನವರಿಗೆ ಯಾಕೆ ಹೇಳುವುದು ಎಂದು ನಕ್ಕರು. ಮೇ ಕೊನೆಗೆ ಕಾರ್ಯಕ್ರಮ. ಎರಡು ತಿಂಗಳಿತ್ತು.

ವಿನಾಯಕನಿಗೆ ಇದು ಎಷ್ಟು ಮುಖ್ಯ ಎಂದು ಆ ವಾರವೇ ಕಂಡಿತು. ಅವನು ಬಹಳ ದಿನಗಳ ಮೇಲೆ ಬೆಳಿಗ್ಗೆ ಐದಕ್ಕೆ ಎದ್ದು ತಂಬೂರಿ ಶ್ರುತಿ ಮಾಡಿದ. ಏಳೂ ಚೀಜುಗಳನ್ನು ಒಂದೇ ಕೂತಿನಲ್ಲಿ ಹಾಡುವುದಾಗಿ ಹೇಳಿದ. ನಲವತ್ತೆಂಟು ವರ್ಷ ಆಗಿತ್ತು ಅವನಿಗೆ. ದೊಡ್ಡ ವೇದಿಕೆ ಸಿಕ್ಕಿರಲಿಲ್ಲ, ಶಿಷ್ಯರೂ ಹತ್ತನೇ ತರಗತಿ ಬಂದರೆ ಬಿಟ್ಟುಹೋಗುತ್ತಿದ್ದರು. ತಾನು ಕಾಪಾಡಿಕೊಂಡು ಬಂದದ್ದು ಏನು ಎಂದು ಒಂದು ಪುಸ್ತಕದಲ್ಲಿ ಅಚ್ಚಾಗುತ್ತದೆ ಎನ್ನುವುದು ಅವನಿಗೆ ಸಣ್ಣ ವಿಷಯವಾಗಿರಲಿಲ್ಲ.

ನಾನು ಯಾವುದೇ ವರದಿಗೆ ಕೇಳುವ ಸಾಮಾನ್ಯ ಪ್ರಶ್ನೆಗಳಿಂದ ಶುರು ಮಾಡಿದೆ. ಅಜ್ಜ ಯಾವ ವಯಸ್ಸಿಗೆ ಹೋದರು, ಜೊತೆಗೆ ಯಾರು ಕಲಿಯುತ್ತಿದ್ದರು, ಗುರುಗಳ ಜೊತೆ ಯಾವ ಊರಿಗೆ ಹೋಗಿ ಹಾಡಿದ್ದರು. ಒಂದಕ್ಕೂ ಉತ್ತರ ಇರಲಿಲ್ಲ. ಶ್ರೀಧರ ಭಾವ ಪ್ರತಿ ಪ್ರಶ್ನೆಗೂ, ಅದೆಲ್ಲ ದೊಡ್ಡವರ ಕಾಲ ಎನ್ನುತ್ತಿದ್ದರು. ಕೊನೆಗೆ ಏಳು ಚೀಜುಗಳ ರಾಗಗಳನ್ನಾದರೂ ಪಟ್ಟಿ ಮಾಡೋಣ ಎಂದು ವಿನಾಯಕನನ್ನು ಕೂರಿಸಿಕೊಂಡೆ. ಭೈರವ, ತೋಡಿ, ಬಿಲಾವಲ್, ಜೌನಪುರಿ, ಹೀಗೆ. ಕೊನೆಯದು ಬೃಂದಾವನಿ ಸಾರಂಗ, ಮಧ್ಯಾಹ್ನದ್ದು. ಪಟ್ಟಿ ಓದಿ, ಸಂಜೆಯ ರಾಗ ಒಂದೂ ಇಲ್ಲವಲ್ಲ ಎಂದೆ. ಅವನು ತಲೆಯೆತ್ತದೆ ಉತ್ತರಿಸಿದ.

"ನಮ್ಮದು ಬೆಳಗಿನ ಮನೆತನ."

ನಾಲ್ಕು ವರ್ಷ ಗುರುಗಳ ಮನೆಯಲ್ಲೇ ಇದ್ದ ಶಿಷ್ಯನಿಗೆ ಸಂಜೆಯ ಯಮನ್ ಕೂಡ ಪಾಠವಾಗಲಿಲ್ಲ ಎನ್ನುವುದು ನನಗೆ ಸುದ್ದಿಯಲ್ಲಿ ಬಿಟ್ಟುಹೋದ ಒಂದು ಸಾಲಿನ ಹಾಗೆ ಕಂಡಿತು. ಪಟ್ಟಿಯ ಕೆಳಗೆ ಗೆರೆ ಎಳೆದು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಅಜ್ಜನ ಮಕ್ಕಳಲ್ಲಿ ಉಳಿದಿದ್ದವರು ಮಗಳೊಬ್ಬರೇ, ಸಿದ್ದಾಪುರ ತಾಲೂಕಿನ ಹೇರೂರಿನ ಭಾಗತ್ತೆ. ವಿನಾಯಕನ ಸೋದರತ್ತೆ, ಎಂಬತ್ತಾರು ವರ್ಷ. ಸಿದ್ದಾಪುರದಲ್ಲಿ ಒಂದು ಸಭೆ ಮುಗಿಸಿಕೊಂಡು ಮಧ್ಯಾಹ್ನ ಅವರ ಮನೆಗೆ ಹೋದೆ. ಹಲಸಿನ ಸೊಳೆ ಬಿಡಿಸುತ್ತ ಕೂತಿದ್ದರು. ಕೈಗೆ ಎಣ್ಣೆ ಹಚ್ಚಿಕೊಂಡು ನನಗೂ ಎಣ್ಣೆಯ ಬಟ್ಟಲು ದೂಡಿದರು. ಬರೆಯುವ ಕೈಗೆ ಮೇಣ ಹತ್ತಿದರೆ ಪೇಪರಿನವರಿಗೆ ನಷ್ಟ ಎಂದು ಅಣಕಿಸಿದರು. ಅಜ್ಜ ಗವಾಯಿಗಳ ಹತ್ತಿರ ಕಲಿತ ದಿನಗಳ ಬಗ್ಗೆ ಏನಾದರೂ ಹೇಳ್ರಿ ಎಂದೆ.

"ಅಪ್ಪಯ್ಯ ಹಾಡು ಕಲಿಯಲೆ ಹೋದವ ಅಲ್ಲ ಕೂಸೆ," ಎಂದರು ಭಾಗತ್ತೆ. "ಅಡುಗೆ ಮಾಡಲೆ ಹೋದವ. ಎಂತ, ನಿಂಗೆ ಯಾರೂ ಹೇಳಿದ್ವಿಲ್ಯ?"

ಹೇಳಿರಲಿಲ್ಲ. ಅವರು ಹೇಳಿದರು, ಸೊಳೆ ಬಿಡಿಸುವುದು ನಿಲ್ಲಿಸದೆ. ಅಜ್ಜನಿಗೆ ಆಗ ಹದಿನೇಳು ವರ್ಷ. ಗವಾಯಿಗಳ ಮನೆಯಲ್ಲಿ ಹತ್ತು ಜನ ಊಟಕ್ಕೆ. ಬೆಳಿಗ್ಗೆಯಿಂದ ಹೊರಗಿನ ಕೋಣೆಯಲ್ಲಿ ಪಾಠ ನಡೆಯುತ್ತಿತ್ತು, ಅಡುಗೆಮನೆ ಗೋಡೆಯ ಈಚೆಗೆ. ಗವಾಯಿಗಳು ಶಿಷ್ಯರಿಗೆ ವಿಲಂಬಿತ ಎಂದು ಕೂಗಿದರೆ ಅಜ್ಜ ಇಲ್ಲಿ ಕಟ್ಟಿಗೆ ಹಿಂದಕ್ಕೆಳೆದು ಉರಿ ಸಣ್ಣ ಮಾಡುತ್ತಿದ್ದರಂತೆ. ಮೊದಮೊದಲು ತಮಾಷೆಗೆ, ಆಮೇಲೆ ಅದೇ ರೂಢಿಯಾಯಿತು. ಒಂದೊಂದು ಸ್ಥಾಯಿಯನ್ನೂ ಶಿಷ್ಯರು ವಾರಗಟ್ಟಲೆ ತಿರುಗಿಸಿ ತಿರುಗಿಸಿ ಹಾಡುವುದು ಕೇಳಿ ಅಜ್ಜನಿಗೆ ಬಾಯಿಗೆ ಬಂತು. ಮಧ್ಯಾಹ್ನದ ಮೇಲೆ ಗವಾಯಿಗಳು ಬೇರೆ ಮನೆಗಳಿಗೆ ಪಾಠಕ್ಕೆ ಹೋಗುತ್ತಿದ್ದರು. ಸಂಜೆಯ ರಾಗಗಳು ಆ ಗೋಡೆಯ ಹತ್ತಿರ ಬರಲೇ ಇಲ್ಲ.

ಮತ್ತೆ ಅಂತರಾ, ಎಂದು ಕೇಳಿದೆ.

"ಅಂತರಾ ಹೇಳಿಕೊಡ ಹೊತ್ತಿಗೆ ಊಟದ ಹೊತ್ತಾಗ್ತಿತ್ತು. ಹಿಂದಿನ ಜಗಲಿಗೆ ಹೋಗಿ ಎಲೆ ಹಾಕಕಾಗಿತ್ತು. ಎಲೆ ಹಾಕದ, ಹಾಡು ಕೇಳ್ತ ನಿಂತ್ಕಂಬದ?"

ಹೇಳಿ ಅವರು ನಕ್ಕರು. ಅವರ ಮಟ್ಟಿಗೆ ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಅಪ್ಪಯ್ಯನ ಅಡುಗೆ ಹಾಡಿಗಿಂತ ಚೆನ್ನಾಗಿತ್ತು ಎಂದೂ ಸೇರಿಸಿದರು. ಶಿಷ್ಯ ಎನ್ನುವ ಮಾತು ಹುಟ್ಟಿದ್ದು ವಿನಾಯಕನ ತಂದೆ, ಅಂದರೆ ಅವರ ತಮ್ಮ, ಶಿರಸಿಯಲ್ಲಿ ತರಗತಿ ಶುರು ಮಾಡಿದಾಗ. ಅಡುಗೆಯವನ ಮಗ ಎಂದರೆ ಮಕ್ಕಳನ್ನು ಯಾರು ಕಳಿಸುತ್ತಾರೆ ಎಂದು ಅವನಿಗೆ ಹೆದರಿಕೆ. ಹೊರಡುವಾಗ ಒಂದು ಪೊಟ್ಟಣ ಸೊಳೆ ಕಟ್ಟಿಕೊಟ್ಟು, ಇದೆಲ್ಲ ನಿನ್ನ ಅತ್ತೆಗೂ ಗೊತ್ತಿದೆ ಎಂದರು.

ಶಿರಸಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅಡುಗೆಯವರು ಎನ್ನುವುದರ ಬಗ್ಗೆ ಯೋಚಿಸಲಿಲ್ಲ. ವಿನಾಯಕ ಧಾರವಾಡ ಬಿಟ್ಟುಬಂದ ಆ ಮರುದಿನದ ಬಸ್ಸಿನ ಬಗ್ಗೆ ಯೋಚಿಸಿದೆ. ಅವನು ಬಿಟ್ಟುಕೊಟ್ಟದ್ದು ಒಬ್ಬ ಗುರುಗಳನ್ನು, ಇಡೀ ಒಂದು ಬಾಳನ್ನು. ಕಾಪಾಡಿದ್ದು ಎಲೆ ಹಾಕಲು ಎದ್ದುಹೋದ ಹೊತ್ತನ್ನು.

ಮರುದಿನ ಬೆಳಿಗ್ಗೆ ವಿನಾಯಕ ಹೊರಗೆ ಹೋಗಿದ್ದಾಗ ಅತ್ತೆಯನ್ನು ಕೇಳಿದೆ. ಅವರು ಸೌತೆಕಾಯಿ ಕೊಚ್ಚುತ್ತಿದ್ದರು. ಕತ್ತಿ ನಿಂತಿತು. ಮದುವೆಯಾಗಿ ಬಂದ ವರ್ಷವೇ ತಿಳಿಯಿತು, ಹುಳಿಗೆ ಕಾಯಿ ಹುರಿಯುವುದು ಕಲಿಸುತ್ತ ಮಾವಯ್ಯ, ಅಂದರೆ ಅಜ್ಜನೇ, ಹೇಳಿದ್ದರು ಎಂದರು. ಹಾಗಾದರೆ ವಿನಾಯಕ ಧಾರವಾಡದಿಂದ ಬಂದಾಗ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಹೋಳುಗಳನ್ನು ಪಕ್ಕಕ್ಕೆ ಸರಿಸಿದರು.

"ಅಂವ ಮನೆಗೆ ಬಂದ್ನಲ, ಅಷ್ಟೇ ಸಾಕು ಹೇಳಿ ಕಂಡ್ತು. ಆಗ ಹೇಳಿದ್ರೆ ತಿರುಗಿ ಹೋಗ್ತಿದ್ದ," ಎಂದರು. ಸೌತೆಕಾಯಿಯ ಮೇಲಿನ ಕಣ್ಣು ತೆಗೆಯಲಿಲ್ಲ. "ಆನು ಇಪ್ಪಲ್ಲಿವರೆಗೆ ಬ್ಯಾಡ ತಂಗಿ."

ತಾವು ಬದುಕಿರುವವರೆಗೆ ಅವನಿಗೆ ಹೇಳಬಾರದು: ಹದಿನಾಲ್ಕು ವರ್ಷದಲ್ಲಿ ಅವರು ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೊಂದೇ.

ಆಮೇಲಿನ ಇಪ್ಪತ್ತು ದಿನಗಳ ಬಗ್ಗೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ನೀರು ತುಂಬಿದೆ, ತಂಬುಳಿ ಮಾಡಿದೆ, ಸುದ್ದಿ ಕಳಿಸಿದೆ. ಮುಂದಿನ ಕೋಣೆಯಲ್ಲಿ ವಿನಾಯಕ ದಿನಾ ಅಭ್ಯಾಸ ಮಾಡುತ್ತಿದ್ದ. ಸ್ಥಾಯಿ ಮುಗಿಸಿ ಅವನು ನಿಲ್ಲುವ ಜಾಗ ಬಂದಾಗಲೆಲ್ಲ ನಾನೂ ಅತ್ತೆಯೂ ಒಬ್ಬರನ್ನೊಬ್ಬರು ನೋಡದಂತೆ ಕೆಲಸ ಮಾಡುತ್ತಿದ್ದೆವು. ಲೇಖನ ಬರೆದೆ, ಧಾರವಾಡದ ಪ್ಯಾರಾ ಖಾಲಿ ಬಿಟ್ಟೆ. ಶ್ರೀಧರ ಭಾವ ದಿನಕ್ಕೆರಡು ಸಲ ಫೋನು ಮಾಡತೊಡಗಿದಾಗ ಇದ್ದದ್ದನ್ನು ಹೇಳಿದೆ. ಅವರು ಗಾಬರಿಯಾಗಲಿಲ್ಲ. ಸಮಿತಿಗಳಲ್ಲಿ ಇದ್ದವರಿಗೆ ಎಲ್ಲದಕ್ಕೂ ಒಂದು ಶಬ್ದ ಇರುತ್ತದೆ. ‘ನಾಲ್ಕು ವರ್ಷ ಗುರುಸೇವೆ ಮಾಡುತ್ತ ವಿದ್ಯೆ ಪಡೆದರು’ ಎಂದು ಬರೆದರಾಯಿತು, ಸುಳ್ಳೂ ಅಲ್ಲ, ಅಡುಗೆಯೂ ಸೇವೆಯೇ ತಾನೆ ಎಂದರು.

ಇಂಥ ಶಬ್ದಗಳನ್ನು ನಾನು ಹದಿನಾರು ವರ್ಷದಿಂದ ಬೇರೆಯವರ ಪ್ರಕಟಣೆಗಳಲ್ಲಿ ಹೊಡೆದು ಹಾಕುತ್ತ ಬಂದವಳು. ಅವತ್ತು ದಣಿದಿದ್ದೆ. ಆಗಲಿ ಎಂದೆ.

ಕರಡು ಪ್ರತಿ ಮುದ್ರಣಾಲಯದಿಂದ ಮನೆಗೆ ಬಂತು. ಭಾನುವಾರ ಮಧ್ಯಾಹ್ನ. ಅತ್ತೆ, ವಿನಾಯಕ, ನಾನು ಮೂವರೂ ಊಟಕ್ಕೆ ಕೂತಿದ್ದೆವು. ವಿನಾಯಕ ಎಡಗೈಯಲ್ಲಿ ಹಾಳೆಗಳನ್ನು ಹಿಡಿದು ಓದುತ್ತ ಉಣ್ಣುತ್ತಿದ್ದ. ಮೂರನೇ ಪುಟಕ್ಕೆ ಬಂದಾಗ ಉಣ್ಣುವುದು ನಿಲ್ಲಿಸಿದ.

"ಗುರುಸೇವೆ. ಇದು ನೀ ಬರೆಯ ಶಬ್ದ ಅಲ್ಲ," ಎಂದ. ಆ ಸಾಲನ್ನು ಇನ್ನೊಮ್ಮೆ ಓದಿದ. "ಅಜ್ಜ ಅಲ್ಲಿ ಎಂತ ಮಾಡ್ತಿದ್ದ?"

ಅವನು ನನ್ನ ಸುದ್ದಿಗಳನ್ನು ಓದುತ್ತಾನೆ ಎಂದೇ ನನಗೆ ಗೊತ್ತಿರಲಿಲ್ಲ. ನಾನು ಯಾವ ಶಬ್ದ ಬರೆಯುತ್ತೇನೆ, ಯಾವುದನ್ನು ಬರೆಯುವುದಿಲ್ಲ ಎನ್ನುವಷ್ಟು ಓದಿದ್ದ. ಅತ್ತೆಯ ಕಡೆ ನೋಡಿದೆ. ಅವರು ಬಟ್ಟಲಿನ ಕಡೆ ನೋಡುತ್ತಿದ್ದರು.

"ಅಡುಗಿ ಮಾಡ್ತಿದ್ರು," ಎಂದೆ.

ಉಳಿದದ್ದನ್ನೂ ಹೇಳಿದೆ. ಗೋಡೆ, ಬೆಳಗಿನ ಪಾಠ, ಎಲೆ ಹಾಕುವ ಹೊತ್ತು. ಸುದ್ದಿ ಹೇಳುವ ಹಾಗೆ ಹೇಳಿದೆ, ನನಗೆ ಬೇರೆ ರೀತಿ ಬರುವುದಿಲ್ಲ. ಕೇಳಿ ಮುಗಿದ ಮೇಲೆ ಅವನು ತಾಯಿಯ ಕಡೆ ತಿರುಗಿದ.

"ಆಯಿ, ನಿಂಗೆ ಗೊತ್ತಿತ್ತ?"

"ಗೊತ್ತಿತ್ತು."

"ಆನು ಧಾರವಾಡದಿಂದ ಬಂದಾಗ?"

"ಆಗ್ಲೂ ಗೊತ್ತಿತ್ತು."

ವಿನಾಯಕ ಮಜ್ಜಿಗೆ ಹಾಕಿಕೊಂಡ. ಕಲಸಿದ ಅನ್ನ ಪೂರ್ತಿ ಉಂಡ. ಕೈ ತೊಳೆದು ಬಂದು, ಪೆನ್ನು ತೆಗೆದುಕೊಂಡು ಕರಡಿನಲ್ಲಿ ‘ಗುರುಸೇವೆ ಮಾಡುತ್ತ ವಿದ್ಯೆ ಪಡೆದರು’ ಎನ್ನುವುದನ್ನು ಹೊಡೆದ. ಮೇಲೆ ‘ಅಡುಗೆ ಕೆಲಸಕ್ಕಿದ್ದರು. ಅಡುಗೆಮನೆಯಿಂದ ಕೇಳಿ ಕಲಿತರು’ ಎಂದು ಬರೆದ. ಅಕ್ಷರ ಚೆನ್ನಾಗಿತ್ತು. ಆಮೇಲೆ ನನಗೆ ಹೇಳಿದ ಮಾತನ್ನು ಇಲ್ಲಿ ಇದ್ದ ಹಾಗೇ ಬರೆಯಬೇಕು.

"ಭಾಗತ್ತೆ ಹೇಳಿದ್ದು, ಆಯಿ ಹೇಳಿದ್ದು ಇಪ್ಪತ್ತು ದಿನ ನಿನ್ನ ನೋಟ್‌ಬುಕ್ಕಲ್ಲಿ ಇತ್ತು. ಯನ್ನ ಹತ್ರ ಒಂದು ಮಾತಿಲ್ಲೆ."

ಅತ್ತೆ ಬೇಡ ಎಂದಿದ್ದರು ಎನ್ನಬಹುದಿತ್ತು. ಆದರೆ ಅತ್ತೆ ಬೇಡ ಎನ್ನುವ ಮೊದಲು ಒಂದು ರಾತ್ರಿ ಇತ್ತು, ಹೇರೂರಿನಿಂದ ಬಂದ ಆ ದಿನ. ಅವತ್ತು ನಾನು ಸೊಳೆಯ ಪೊಟ್ಟಣ ಅಡುಗೆಮನೆಯಲ್ಲಿಟ್ಟು, ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದು ಮುಗಿಸಿ, ತಲೆನೋವು ಎಂದು ಹೇಳಿ ಮಲಗಿದ್ದೆ.

ಸಂಜೆಯ ತರಗತಿಗೆ ಬಂದ ಮಕ್ಕಳನ್ನು ವಿನಾಯಕ ವಾಪಸು ಕಳಿಸಿದ. ಮೂರು ದಿನ ತಂಬೂರಿಯ ಗವಸು ತೆಗೆಯಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಶರ್ಟು ಹಾಕಿಕೊಂಡು ತಯಾರಾಗಿದ್ದ. ಧಾರವಾಡಕ್ಕೆ ಎಂದ. ಅತ್ತೆ ಬುತ್ತಿ ಕಟ್ಟಿದರು. ಅವನು ತೆಗೆದುಕೊಂಡ, ಅವರ ಮುಖ ನೋಡಲಿಲ್ಲ. ಆ ದಿನವೆಲ್ಲ ಅತ್ತೆ ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಊಟಕ್ಕೆ ಕರೆದೆ, ಬರಲಿಲ್ಲ.

ಮರುದಿನ ಅವನು ಬಂದು ಹೇಳಿದ್ದಿಷ್ಟು. ಗುರುಗಳು ಇದ್ದಾರೆ. ಎಂಬತ್ತು ದಾಟಿದೆ, ಧ್ವನಿ ನಡುಗುತ್ತದೆ, ಬುದ್ಧಿ ಚುರುಕಾಗಿದೆ. ಅವನು ಹೆಸರು ಹೇಳಿದ. ಯಾವ ವಿನಾಯಕ ಎಂದು ಅವರು ಕೇಳಿದರು. ಜೌನಪುರಿ, ಅಂತರಾ, ಊರಿಗೆ ಹೋಗು ಎಂದದ್ದು, ಎಲ್ಲ ವಿವರಿಸಿದ. ಅವರಿಗೆ ಏನೂ ನೆನಪಿರಲಿಲ್ಲ. ಅಂಥ ಮಾತು ತಾನು ದಿನಕ್ಕೆ ಹತ್ತು ಮಂದಿಗೆ ಹೇಳುತ್ತಿದ್ದೆ, ಹೇಳಿಸಿಕೊಂಡವರೆಲ್ಲ ಮರುದಿನ ಬಂದು ಕೂಡುತ್ತಿದ್ದರು ಎಂದರಂತೆ.

"ಅಂತರಾ ಬೇಕೇನು? ಅದಕ್ಕೇನು ದೊಡ್ಡದೈತ್ರಿ, ಕೂಡ್ರಿ, ಬರಕೊಳ್ರಿ," ಎಂದು ಹಾಡಿ ತೋರಿಸಿದರು. ಹತ್ತು ನಿಮಿಷದ ಪಾಠ. ಚಹಾ ಬರುವಷ್ಟರಲ್ಲಿ ಉಳಿದವುಗಳಲ್ಲಿ ನಾಲ್ಕಕ್ಕೆ ಅಂತರಾ ಸಿಕ್ಕಿತು. ಇನ್ನೆರಡು ಅವರಿಗೂ ಬರುತ್ತಿರಲಿಲ್ಲ.

ಹತ್ತು ನಿಮಿಷ ಎನ್ನುವುದನ್ನು ವಿನಾಯಕ ಎರಡು ಸಲ ಹೇಳಿದ. ಇಪ್ಪತ್ತಾರು ವರ್ಷ ಎನ್ನುವುದನ್ನು ಹೇಳಲಿಲ್ಲ.

ಮೇ ಕೊನೆಯ ವಾರ ಕಾರ್ಯಕ್ರಮ ನಡೆಯಿತು. ಶ್ರೀಧರ ಭಾವ ಕೊನೆಯವರೆಗೂ ಆ ಸಾಲು ಬದಲಿಸೋಣ ಎಂದು ಗೋಗರೆದರು. ವಿನಾಯಕ ಒಪ್ಪಲಿಲ್ಲ. ಅಡುಗೆ ಎಂದೇ ಅಚ್ಚಾಯಿತು. ದೊಡ್ಡ ಮಾತುಕತೆ ಆಗುತ್ತದೆ ಎಂದು ಮೂವರೂ ಹೆದರಿದ್ದೆವು. ಯಾರೂ ಏನೂ ಕೇಳಲಿಲ್ಲ. ಬಂದವರೆಲ್ಲ ಸಂಚಿಕೆ ತಿರುವಿ ತಮ್ಮ ತಮ್ಮ ಮನೆಯವರ ಫೋಟೊ ಹುಡುಕಿದರು, ಸಿಕ್ಕ ಮೇಲೆ ಮಡಚಿ ಇಟ್ಟರು. ನನ್ನ ಲೇಖನ ಓದಿದವರು ಭಾಗತ್ತೆ ಒಬ್ಬರೇ ಇರಬೇಕು. ಅವರು ಫೋನು ಮಾಡಿ, ಅಪ್ಪಯ್ಯನ ಹುಳಿಯ ಬಗ್ಗೆ ಎರಡು ಸಾಲು ಹೆಚ್ಚು ಬರೆಯಬಹುದಿತ್ತು ಎಂದರು.

ಪತ್ರಿಕೆಯಲ್ಲಿ ನಾನು ಬರೆದಿದ್ದ ಹಳೆಯ ಬಾಕ್ಸ್ ಸುದ್ದಿಗೆ ತಿದ್ದುಪಡಿ ಕಳಿಸಿದೆ. ಇಷ್ಟು ವರ್ಷದ ಮೇಲೆ ಯಾರು ನೋಡುತ್ತಾರೆ ಎಂದು ಡೆಸ್ಕಿನವರು ನಕ್ಕರು. ಆದರೂ ಹಾಕಿದರು, ಅಡಿಕೆ ಧಾರಣೆಯ ಕೆಳಗೆ ನಾಲ್ಕು ಸಾಲು.

ಆ ಸಂಗೀತ ದಿನ ವಿನಾಯಕ ಏಳು ಚೀಜುಗಳನ್ನು ಹಾಡಲಿಲ್ಲ. ಎರಡನ್ನು ಮಾತ್ರ ಹಾಡಿದ, ಅಂತರಾ ಸಿಗದೆ ಉಳಿದ ಆ ಎರಡನ್ನು. ಅಂದಿನಿಂದ ಈವರೆಗೆ ಅವನು ತಾಯಿಯ ಮೇಲೆ ಒಮ್ಮೆಯೂ ದನಿಯೇರಿಸಿಲ್ಲ. ಮೊದಲಿನ ಹಾಗೆ ಅಡುಗೆಮನೆಗೆ ಬಂದು ಮಣೆಯ ಮೇಲೆ ಕೂತು ಅವರ ಜೊತೆ ಹರಟುವುದೂ ಇಲ್ಲ. ಊಟ ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನುತ್ತಾನೆ. ಅತ್ತೆ ಅಷ್ಟನ್ನೇ ಕಾಯುತ್ತಾರೆ. ನನ್ನ ಹತ್ತಿರ ಈಗ ಮೊದಲಿಗಿಂತ ಹೆಚ್ಚು ಮಾತಾಡುತ್ತಾನೆ, ಆದರೆ ಮಾತಿನ ನಡುವೆ ಒಮ್ಮೊಮ್ಮೆ, ಇದು ಎಷ್ಟು ದಿನದ ಸುದ್ದಿ ಎಂದು ಕೇಳುತ್ತಾನೆ. ನಗುತ್ತಲೇ ಕೇಳುತ್ತಾನೆ. ನಾನು ದಿನ ಎಣಿಸಿ ಹೇಳುತ್ತೇನೆ. ನನಗೆ ತಿಳಿದದ್ದನ್ನು ಅದೇ ದಿನ ಅವನಿಗೆ ಹೇಳಲು ಕಲಿಯುತ್ತಿದ್ದೇನೆ. ಈ ವಯಸ್ಸಿಗೆ ಅದು ಸುಲಭವಾಗಿ ಬರುವುದಿಲ್ಲ.

ಅಂತರಾಗಳನ್ನು ಅವನು ಮಕ್ಕಳಿಗೆ ಕಲಿಸಿದ, ಐದನ್ನೂ. ತಾನು ಹಾಡುವುದಿಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, ಗಂಟಲಿಗೆ ಬರುತ್ತಿಲ್ಲ ಎಂದ. ಹಾರ್ಮೋನಿಯಂನಲ್ಲಿ ಸ್ವರ ತೋರಿಸುತ್ತಾನೆ, ತಪ್ಪಿದರೆ ಕೈಯೆತ್ತಿ ನಿಲ್ಲಿಸುತ್ತಾನೆ. ಭಾನುವಾರ ಬೆಳಿಗ್ಗೆ ಎಂಟು ಹತ್ತು ಹುಡುಗಿಯರು ಬರುತ್ತಾರೆ. ಅವರೊಂದಿಗೆ ಸ್ಥಾಯಿಯನ್ನು ತುಂಬು ಕಂಠದಲ್ಲಿ ಹಾಡುತ್ತಾನೆ. ಅದು ಮುಗಿಯುತ್ತಿದ್ದಂತೆ ಬಾಯಿ ಮುಚ್ಚಿಕೊಂಡು ತೊಡೆಯ ಮೇಲೆ ತಾಳ ಹಾಕತೊಡಗುತ್ತಾನೆ. ಹುಡುಗಿಯರು ಅವನನ್ನು ಬಿಟ್ಟು ಮೇಲಕ್ಕೆ ಹೋಗುತ್ತಾರೆ. ಹಾಡಿ ಮುಗಿಸಿ ಅವರು ಸ್ಥಾಯಿಗೆ ಇಳಿದಾಗ, ಅವನು ಮತ್ತೆ ಸೇರಿಕೊಳ್ಳುತ್ತಾನೆ.